ಅಂಗೈಯಲ್ಲಿ ಅರಮನೆ

ಅಂಗೈಯಲ್ಲಿ ಅರಮನೆ ತೋರಿಸುವವರನ್ನು ನಾವು ಚುನಾವಣೆಯ ಹೊತ್ತಿನಲ್ಲಿ ಮಾತ್ರ ಕಂಡವರು. ವಿಯೆಟ್ನಾಂನ ಕಡಲತಡಿಯ ಡಾ ನಾಂಗ್ ನಗರದವರು ಮಾತಿಗೆ ತಪ್ಪುವವರಲ್ಲ. ಅದನ್ನು ಕಟ್ಟಿಯೇ ಬಿಟ್ಟಿದ್ದಾರೆ, ಟಿಕೆಟ್ಟನ್ನೂ ಇಟ್ಟಿದ್ದಾರೆ. ಬಾ ನಾ ಬೆಟ್ಟದ ಮೇಲೆ ಎರಡು ದೈತ್ಯ ಅಂಗೈಗಳು ಸುಮಾರು 150 ಮೀಟರ್ ಉದ್ದದ ಹೊಂಬಣ್ಣದ ಸೇತುವೆಯನ್ನು ಎತ್ತಿ ಹಿಡಿದಿವೆ. ಇನ್ನೊಂದಿಷ್ಟು ಮೇಲೆ ಹೋದರೆ ಅರಮನೆಯೂ ಉಂಟು, ಹಳೆಯ ಫ್ರಾನ್ಸಿನ ಗತ್ತಿನಲ್ಲಿ ಹೊಸದಾಗಿ ಕಟ್ಟಿದ್ದು.

ಪಾಚಿಗಟ್ಟಿ ಬಿರುಕು ಬಿಟ್ಟ ಆ ಕೈಗಳನ್ನು ಕಂಡರೆ ಯಾವುದೋ ಪುರಾಣಕಾಲದ ಕಲ್ಲು ಅನ್ನಿಸಬೇಕು. ಆದರೆ ಸೇತುವೆ ಪ್ರವಾಸಿಗರಿಗೆ ತೆರೆದದ್ದು 2018ರಲ್ಲಿ. ಒಳಗೆ ತಂತಿಯ ಬಲೆ, ಹೊರಗೆ ಫೈಬರ್ ಗ್ಲಾಸ್. ಬಿರುಕು, ಪಾಚಿಯ ಕಲೆಗಳೆಲ್ಲ ಹುಟ್ಟುವಾಗಲೇ ಬಂದವು; ಶಾಲೆಯ ಛದ್ಮವೇಷ ಸ್ಪರ್ಧೆಯಲ್ಲಿ ಹತ್ತಿಯ ಗಡ್ಡ ಅಂಟಿಸಿಕೊಂಡು ನಿಂತ ಎರಡನೇ ತರಗತಿಯ ತಾತನ ಹಾಗೆ. ಈ ತಾತನ ಬೆರಳಿನ ಪಕ್ಕ ಫೋಟೊ ಹೊಡೆಸಿಕೊಳ್ಳಲು ಜನ ಒಬ್ಬರ ಮೊಣಕೈ ಇನ್ನೊಬ್ಬರಿಗೆ ತಾಗುವಂತೆ ನಿಂತಿರುತ್ತಾರೆ. ಎಲ್ಲರ ಫೋಟೊದಲ್ಲೂ ಏಕಾಂತವೇ.

ಅಲ್ಲಿಗೆ ಏರುವ ರೋಪ್‌ವೇಗಳಲ್ಲಿ ಒಂದರ ಉದ್ದ 5,801 ಮೀಟರ್. ಕೆಳಗೆ ದಟ್ಟ ಕಾಡು, ನಡುವೆ ಬಿಳಿಯ ಝರಿ. ಗಾಜಿನ ಡಬ್ಬಿಯೊಳಗಿನ ನಾವು ಮಾತ್ರ ತಲೆ ತಗ್ಗಿಸಿ, ತಲುಪಲಿರುವ ಕೈಯ ಚಿತ್ರವನ್ನು ಮೊಬೈಲಿನಲ್ಲಿ ನೋಡುತ್ತಿದ್ದೆವು.

ನಗರದ ದಕ್ಷಿಣಕ್ಕೆ ಅಮೃತಶಿಲೆಯ ಐದು ಗುಡ್ಡಗಳಿವೆ. ನೀರು, ಮರ, ಬೆಂಕಿ, ಲೋಹ, ಮಣ್ಣು ಎಂದು ಪಂಚತತ್ವಗಳ ಹೆಸರು. ನೀರಿನ ಗುಡ್ಡಕ್ಕೆ ಲಿಫ್ಟ್ ಹಾಕಿದ್ದಾರೆ. ಬೆಟ್ಟ ಹತ್ತಿದೆವು ಎಂದು ಊರಿಗೆ ಬಂದು ಹೇಳಲು ಅಡ್ಡಿಯಿಲ್ಲ. ಗುಡ್ಡದ ಬುಡದಲ್ಲಿ ಶಿಲ್ಪಿಗಳ ಬೀದಿ. ಗುಡ್ಡ ಕರಗಬಾರದೆಂದು ಕಲ್ಲು ತೆಗೆಯುವುದನ್ನು ನಿಲ್ಲಿಸಿ, ಬೇರೆಡೆಯಿಂದ ತರಿಸಿ ಕೆತ್ತುತ್ತಾರೆ. ಒಳ್ಳೆಯ ಕೆಲಸವೇ. ಆದರೆ ನಮ್ಮ ತಂಡದ ರಾಯರು ಕೊಂಡ ಮೂರು ಕಿಲೋ ನಗುವ ಬುದ್ಧ, ‘ಇದೇ ಬೆಟ್ಟದ ಕಲ್ಲು’ ಎಂಬ ನಂಬಿಕೆಯ ಮೇಲೆಯೇ ವಿಮಾನ ಹತ್ತಿದ.

ಇನ್ನು ಸನ್ ಚಾ ಪರ್ಯಾಯದ್ವೀಪ. ನಗರಕ್ಕೆ ಅಂಟಿಕೊಂಡ ಈ ಕಾಡಿನಲ್ಲಿ ಅಳಿವಿನಂಚಿನ ಡೂಕ್ ಲಂಗೂರ್ ಎಂಬ ಕೋತಿಗಳಿವೆ. ಬೂದು ಮೈ, ಮೊಣಕಾಲಿನಿಂದ ಕೆಳಗೆ ಇಟ್ಟಿಗೆಗೆಂಪು, ಮುಂಗೈ ಬೆಳ್ಳಗೆ. ಯಾರೂ ಹಚ್ಚಿದ ಬಣ್ಣವಲ್ಲ. ಆದರೆ ಅವಕ್ಕೆ ವೇಳಾಪಟ್ಟಿ ಗೊತ್ತಿಲ್ಲ. ಹನ್ ನದಿಯ ಮೇಲಿನ 666 ಮೀಟರಿನ ಡ್ರ್ಯಾಗನ್ ಸೇತುವೆಯನ್ನು ನೋಡಿ ಕಲಿಯಬೇಕು: ವಾರಾಂತ್ಯದ ರಾತ್ರಿ ಒಂಬತ್ತಕ್ಕೆ ಸರಿಯಾಗಿ ಬೆಂಕಿ ಉಗುಳುತ್ತದೆ. ಕೋತಿಗೆ ಹತ್ತು ನಿಮಿಷ ಕಾದ ನಮ್ಮವರು, ‘ಕೋತಿ ನೋಡಲು ಇಷ್ಟು ದೂರ ಬರಬೇಕಿತ್ತೇ’ ಎಂದು ವ್ಯಾನು ಹತ್ತಿದರು.

ಕೊನೆಯ ದಿನ ಮಳೆ ಹಿಡಿದುಕೊಂಡಿತು. ಹೋಗಲು ಬೇರೆ ಜಾಗವಿಲ್ಲದೆ, ಹಿಂದೆ ಈ ನಾಡನ್ನು ಆಳಿದ ಚಾಮ್ ಜನರ ಶಿಲ್ಪಗಳ ಸಂಗ್ರಹಾಲಯಕ್ಕೆ ನುಗ್ಗಿದೆವು. ಒಳಗೆ ಜನವೇ ಇಲ್ಲ. ಮೀ ಸನ್‌ನ ಶಿವಾಲಯಗಳಿಂದ ತಂದ, ಸಾವಿರ ವರ್ಷಕ್ಕೂ ಹಳೆಯ ಮರಳುಗಲ್ಲಿನ ಗಣಪ ನಿಂತಿದ್ದ. ಕೈಗಳಲ್ಲಿ ಕೆಲವು ಮುರಿದಿದ್ದವು. ರಾಯರು ಚಪ್ಪಲಿ ಬಿಟ್ಟು ಕೈ ಮುಗಿದರು. ಆಮೇಲೆ ಹತ್ತಿರ ಹೋಗಿ, ಮುರಿದ ಜಾಗವನ್ನು ಬಗ್ಗಿ ನೋಡಿ, ನನ್ನ ಕಿವಿಯಲ್ಲಿ ಕೇಳಿದರು:

“ಬೆಟ್ಟದ ಮೇಲೆ ಅಷ್ಟು ದೊಡ್ಡ ಕೈ ಮಾಡಿದ್ದಾರಲ್ಲ, ಇವನಿಗೂ ಫೈಬರಿನಲ್ಲಿ ಒಂದೆರಡು ಮಾಡಿಸಬಾರದಿತ್ತೇ?”