ನಮ್ಮಪ್ಪನಿಗೆ ಏನೂ ಕಮ್ಮಿ ಇಲ್ಲ, ಮಾತ್ರೆ ಬೇಕು ಅಷ್ಟೇ

ಮೊನ್ನೆ ಬೀಗರ ಊಟದಲ್ಲಿ ನಮ್ಮ ಸೋದರಮಾವ ಒಬ್ಬರು ಅಪ್ಪನ ಎದುರಿಗೇ ಊಟಕ್ಕೆ ಕೂತಿದ್ದರು. ಮುದ್ದೆ ಮುರಿಯುತ್ತಾ, ಇಡೀ ಪಂಕ್ತಿಗೆ ಕೇಳುವ ಹಾಗೆ, "ಅಲ್ಲ ಭಾವ, ನಿಮಗೇನ್ ಕಮ್ಮಿ ಆಗೈತೆ ಅಂತ ಆ ತಲೆ ಡಾಕ್ಟ್ರ ಮಾತ್ರೆ ನುಂಗ್ತಿದ್ದೀರ? ಪೆನ್ಷನ್ ಬತ್ತೈತೆ, ತೋಟ ಐತೆ, ಮಕ್ಳು ದಾರಿಗೆ ಬಂದವ್ರೆ. ಬಿಟ್ಟಾಕಿ ಅತ್ಲಾಗೆ" ಅಂದರು. ಅಂದು ಮುಗಿಸಿ, ಜೇಬಿನಿಂದ ತಮ್ಮ ಶುಗರ್ ಮಾತ್ರೆ ತೆಗೆದು ಬಾಯಿಗೆ ಹಾಕಿಕೊಂಡರು. ಆಮೇಲೆ ಐಸ್‌ಕ್ರೀಮ್ ಎರಡು ಕಪ್.

ಅಕ್ಕಪಕ್ಕದವರು ನಕ್ಕರು. ಅಪ್ಪನೂ ನಕ್ಕರು. ಆ ರಾತ್ರಿ ಅಪ್ಪ ಮಾತ್ರೆ ತೆಗೆದುಕೊಳ್ಳಲಿಲ್ಲ. ಮಾರನೇ ರಾತ್ರಿಯೂ ಇಲ್ಲ. ಅಮ್ಮ ಸ್ಟ್ರಿಪ್ ಎಣಿಸಿ ನೋಡಿ ಕಂಡುಹಿಡಿಯುವ ಹೊತ್ತಿಗೆ ಅಪ್ಪನಿಗೆ ತಲೆ ಸುತ್ತು, ಹೊಟ್ಟೆ ತೊಳಸು, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಝುಂ ಅನ್ನುವುದು, ಎಲ್ಲ ಶುರುವಾಗಿತ್ತು. ಖಿನ್ನತೆಗೆ ಕೊಡುವ ಈ ಮಾತ್ರೆಗಳನ್ನು ದಿಢೀರ್ ಅಂತ ನಿಲ್ಲಿಸಿದರೆ ಹೀಗಾಗುತ್ತದೆ. ನಿಲ್ಲಿಸಬೇಕಾದರೂ ಡಾಕ್ಟರ್ ಹೇಳಿದ ಹಾಗೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಇದನ್ನು ಮಾವನಿಗೆ ಫೋನ್ ಮಾಡಿ ಹೇಳಿದೆ. "ನೋಡು, ಅದಕ್ಕೇ ಹೇಳಿದ್ದು, ಚಟ ಹಿಡಿಸ್ಬಿಟ್ಟವ್ರೆ" ಅಂದರು. ಫೋನ್ ಇಟ್ಟೆ. ಇಡದೇ ಇದ್ದಿದ್ದರೆ ಬಾಯಿಂದ ಏನು ಬರುತ್ತಿತ್ತೋ ಗೊತ್ತಿಲ್ಲ.

ಮಾವ ಇದನ್ನು ಓದುತ್ತಾರೆ. ಓದಲಿ. ಅಪ್ಪನನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರಿ, ಆದರೆ ಕಾಗುಣಿತ ತಪ್ಪದೆ ಬರಿ" ಅಂದಿದ್ದಾರೆ. ನಮ್ಮಪ್ಪ ಹೈಸ್ಕೂಲ್ ಮೇಷ್ಟ್ರು, ಲೆಕ್ಕದವರು. ಇಲ್ಲಿರುವ ಹಳೇ ಸ್ನೇಹಿತರಲ್ಲಿ ಕೆಲವರು ಅವರ ಹತ್ತಿರ ಕಿವಿ ಹಿಂಡಿಸಿಕೊಂಡವರೇ.

ನನ್ನ ತಕರಾರು ಒಂದೇ. "ಏನು ಕಮ್ಮಿ" ಅನ್ನುವ ಆ ಪ್ರಶ್ನೆ. ಒಂದು ವರ್ಷದಿಂದ ಮನೆಗೆ ಬಂದವರೆಲ್ಲ ಕಾಫಿ ಲೋಟ ಕೆಳಗಿಡುವ ಮೊದಲು ಇದನ್ನು ಕೇಳಿಯೇ ಇಡುತ್ತಾರೆ. ಖಿನ್ನತೆ ಅಂದರೆ ಯಾರೋ ಮನೆಯ ಆಸ್ತಿ ಪಟ್ಟಿ ತೆಗೆದು, ಕಮ್ಮಿ ಬಿದ್ದ ಕಡೆ ಟಿಕ್ ಹಾಕಿ ಕೊಡುವ ಕಾಯಿಲೆ ಅಂದುಕೊಂಡಿದ್ದಾರೆ. ಹಾಗಾದರೆ ತೋಟ ಇರುವವರಿಗೆ ಮೂಲವ್ಯಾಧಿಯೂ ಬರಬಾರದಲ್ವಾ?

ಬಡತನ, ಸಾಲ, ಸಾವು ನೋವು, ಒಂಟಿತನ ಇದನ್ನು ತರಬಹುದು, ಹೆಚ್ಚಿಸಬಹುದು. ಅದು ನಿಜ. ಆದರೆ ಏನೂ ಆಗದೇ ಇದ್ದವರಿಗೂ ಬರುತ್ತದೆ. ವಂಶದಲ್ಲಿ ಇದ್ದರೆ ಬರುತ್ತದೆ. ಹೆರಿಗೆ ಆದ ಮೇಲೆ ಬರುತ್ತದೆ. ನಿವೃತ್ತಿ ಆದ ಮೇಲೆ ಬರುತ್ತದೆ. ಥೈರಾಯ್ಡ್ ಕಮ್ಮಿಯಾದರೂ, ಬಿ12 ಕಮ್ಮಿಯಾದರೂ ಹೆಚ್ಚುಕಡಿಮೆ ಹೀಗೇ ಕಾಣುತ್ತದೆ ಅಂತ ಡಾಕ್ಟರ್ ಮೊದಲು ರಕ್ತ ಪರೀಕ್ಷೆ ಬರೆದುಕೊಟ್ಟರು. ಏನು ಕಮ್ಮಿ ಅಂತ ಕೇಳಬೇಕಾದ ರೀತಿ ಅದು. ಲ್ಯಾಬಿನಲ್ಲಿ. ಪಂಕ್ತಿಯಲ್ಲಿ ಅಲ್ಲ.

ನಮ್ಮ ಮನೆಯಲ್ಲಿ ಇದನ್ನು ಮೊದಲು ಗುರುತಿಸಿದ್ದು ಅಮ್ಮ. ಒಂದು ದಿನ ಬೆಂಗಳೂರಿಗೆ ಫೋನ್ ಮಾಡಿ, "ನಿಮ್ಮಪ್ಪ ಜಗಳಾನೇ ಆಡ್ತಿಲ್ಲ ಕಣೋ" ಅಂದಳು. ನನಗೆ ನಗು ಬಂತು. ಅವಳು ನಗಲಿಲ್ಲ. "ಸಾರಿಗೆ ಉಪ್ಪು ಹಾಕೋದು ಮರೆತಿದ್ದೆ. ಸುಮ್ನೆ ಉಂಡು ಎದ್ದೋದ್ರು." ನಲವತ್ತು ವರ್ಷದ ಸಂಸಾರದಲ್ಲಿ ಉಪ್ಪಿನ ವಿಷಯಕ್ಕೆ ಬಾಯಿ ಮಾಡದೇ ಎದ್ದವರಲ್ಲ ನಮ್ಮಪ್ಪ.

ಊರಿಗೆ ಹೋದೆ. ತಿಪಟೂರು ಸೀಮೆಯಲ್ಲಿ ತೆಂಗಿನಕಾಯಿ ಕೀಳಿಸುವ ದಿನ ಅಂದರೆ ಏನು ಅಂತ ಆ ಕಡೆಯವರಿಗೆ ಹೇಳಬೇಕಿಲ್ಲ. ಅಪ್ಪ ಒಂದೊಂದು ಮರದ ಕಾಯಿಯನ್ನೂ ಎಣಿಸಿ, ಹಳೇ ಅಟೆಂಡೆನ್ಸ್ ರಿಜಿಸ್ಟರಿನಲ್ಲಿ ಮರದ ನಂಬರ್ ಹಾಕಿ ಬರೆದು, ಕೊಬ್ಬರಿಗೆ ಅಟ್ಟಕ್ಕೆ ಎಷ್ಟು, ಮನೆಗೆ ಎಷ್ಟು ಅಂತ ಲೆಕ್ಕ ಇಡುವವರು. ಕಾಯಿ ಕೀಳುವವನ ಜೊತೆ ಒಂದು ಕಾಯಿಗೂ ವಾದ ಮಾಡುವವರು. ಅವತ್ತು ಅವನು ಬಂದು "ಮೇಷ್ಟ್ರೇ, ಎಣಿಸ್ಕೊಳ್ಳಿ" ಅಂದ. ಅಪ್ಪ ಜಗಲಿ ಮೇಲೆ ಕೂತೇ, "ಎಷ್ಟೋ ಇರಲಿ, ನೀನೇ ಹಾಕಿಬಿಡು" ಅಂದರು. ಅವನು ನನ್ನ ಮುಖ ನೋಡಿದ. ರಿಜಿಸ್ಟರ್ ತೆಗೆದು ನೋಡಿದೆ. ಹಿಂದಿನ ಕೊಯ್ಲಿನ ಪುಟದಲ್ಲಿ ತಾರೀಖು ಬರೆದಿದ್ದರು, ಕೆಳಗೆ ಖಾಲಿ. ಅದರ ಹಿಂದಿನದಕ್ಕೆ ಅರ್ಧ ಮರಗಳ ಲೆಕ್ಕ ಇತ್ತು, ಆಮೇಲೆ ಇಲ್ಲ.

ಅಪ್ಪ ಅಳುತ್ತಿರಲಿಲ್ಲ. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಎಲ್ಲರೂ ಕಣ್ಣೀರು ಹುಡುಕುತ್ತಾರೆ. ಬೇಜಾರು ಅಂತ ಬಾಯಿ ಬಿಟ್ಟು ಹೇಳಿದವರೇ ಅಲ್ಲ. ಅವರು ಹೇಳುತ್ತಿದ್ದದ್ದು ಸುಸ್ತು, ತಲೆ ಭಾರ, ಅಂಗಾಲು ಉರಿ, ಹೊಟ್ಟೆ ಉಬ್ಬರ. ಅದಕ್ಕೆ ನಾವೂ ಗ್ಯಾಸ್ ಮಾತ್ರೆ, ಸ್ಕ್ಯಾನಿಂಗ್, ಟಾನಿಕ್ ಅಂತ ತಿರುಗಿದೆವು. ಒಂದು ಆಸ್ಪತ್ರೆಯಲ್ಲಿ ತಲೆಯಿಂದ ಕಾಲಿನವರೆಗೆ ಇರುವ ಎಲ್ಲ ಟೆಸ್ಟ್ ಮಾಡಿಸಿ, ದಪ್ಪ ಫೈಲ್ ಕೈಗೆ ಕೊಟ್ಟು, "ಎಲ್ಲ ನಾರ್ಮಲ್, ಸುಮ್ನೆ ಟೆನ್ಷನ್ ಮಾಡ್ಕೋಬೇಡಿ" ಅಂದರು. ಬಿಲ್ ನಾರ್ಮಲ್ ಇರಲಿಲ್ಲ.

1996ರಲ್ಲಿ ನಿಮ್ಹಾನ್ಸ್‌ನ ಡಾ. ಆರ್. ರಘುರಾಮ್ ಮತ್ತು ಜೊತೆಗಾರರು ಇದರ ಮೇಲೆಯೇ ಒಂದು ಅಧ್ಯಯನ ಪ್ರಕಟಿಸಿದ್ದಾರೆ. ಬೆಂಗಳೂರಿನಲ್ಲಿ ತೋರಿಸಿಕೊಳ್ಳಲು ಬಂದ ರೋಗಿಗಳನ್ನು ಮಾತಾಡಿಸಿ ನೋಡಿದರೆ, ಮನಸ್ಸಿನ ದುಃಖ ಹೇಳಿಕೊಳ್ಳುವವರಿಗೆ ಅವಮಾನದ ಭಾವನೆ ಜಾಸ್ತಿ, ಮೈ ನೋವು ಹೇಳುವವರಿಗೆ ಕಮ್ಮಿ. ಇರದೇ ಏನು? ಬೆನ್ನು ನೋವು ಅಂದರೆ ಬಿಸಿನೀರು ಕಾಯಿಸಿ ಕೊಡುತ್ತಾರೆ. ಮನಸ್ಸಿಗೆ ಆಗುತ್ತಿಲ್ಲ ಅಂದರೆ "ನಿನಗೇನ್ ಕಮ್ಮಿ" ಅನ್ನುತ್ತಾರೆ. ಯಾರು ತಾನೆ ಎರಡನೆಯದನ್ನು ಹೇಳಿಕೊಂಡಾರು?

ಬೆಳಗಿನ ಜಾವ ಮೂರಕ್ಕೆ ಎಚ್ಚರ ಆಗುತ್ತಿತ್ತು. ಎದ್ದು ಹಜಾರದಲ್ಲಿ ದೀಪ ಹಾಕದೆ ಕೂತಿರುತ್ತಿದ್ದರು. ಬೆಳಿಗ್ಗೆ ಹೊತ್ತು ತೀರಾ ಮಂಕು. ಸಂಜೆ ಆಗುತ್ತಾ ಸ್ವಲ್ಪ ಸರಿ. ಈ ಕಾಯಿಲೆಯಲ್ಲಿ ಬಹಳ ಜನಕ್ಕೆ ಹೀಗೇ ಆಗುತ್ತದಂತೆ. ನೆಂಟರು ಬರುವುದು ಸಂಜೆ ಹೊತ್ತಿಗೆ. "ಚೆನ್ನಾಗೇ ಇದ್ದಾರಲ್ಲ, ಮಾತಾಡಿದ್ರಲ್ಲ" ಅಂದು ಹೋಗುತ್ತಿದ್ದರು. ಬೆಳಿಗ್ಗೆ ಏಳಕ್ಕೆ ಬಂದು ನೋಡಿ ಸ್ವಾಮಿ.

ಮಾತು ನಿಧಾನ ಆಯಿತು. ಒಂದು ಪ್ರಶ್ನೆಗೆ ಉತ್ತರ ಬರುವಷ್ಟರಲ್ಲಿ ನಾವೇ ಇನ್ನೊಂದು ಮಾತಿಗೆ ಹೋಗಿರುತ್ತಿದ್ದೆವು. ಹೆಸರು ಮರೆಯತೊಡಗಿದರು. ಮರೆವಿನ ಕಾಯಿಲೆ ಇರಬಹುದು ಅಂತ ನನಗೆ ಭಯ ಆಗಿತ್ತು. ವಯಸ್ಸಾದವರಲ್ಲಿ ಖಿನ್ನತೆ ಎಷ್ಟೋ ಸಲ ಮರೆವಿನ ವೇಷದಲ್ಲಿ ಬರುತ್ತದೆ, ಚಿಕಿತ್ಸೆ ಕೊಟ್ಟರೆ ನೆನಪೂ ಸುಧಾರಿಸಬಹುದು ಅಂತ ಆಮೇಲೆ ತಿಳಿಯಿತು. ಇನ್ನೊಂದು, ಯಾವತ್ತೋ ಒಬ್ಬ ಹುಡುಗನಿಗೆ ಹೊಡೆದದ್ದನ್ನು ನೆನೆಸಿಕೊಂಡು, ಅವನ ಜೀವನ ನಾನೇ ಹಾಳು ಮಾಡಿದೆ ಅನ್ನುವುದು. ಆ ಹುಡುಗ ಈಗ ಪೊಲೀಸ್ ಇಲಾಖೆಯಲ್ಲಿ ಆರಾಮಾಗಿದ್ದಾನೆ. ಹೇಳಿದರೂ ಕೇಳುತ್ತಿರಲಿಲ್ಲ.

ಕೊನೆಗೆ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮನೋಚೈತನ್ಯ ಅನ್ನುವ ಹೆಸರಿನಲ್ಲಿ ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬಂದು ನೋಡುವ ವ್ಯವಸ್ಥೆ ನಮ್ಮ ರಾಜ್ಯದಲ್ಲಿದೆ, ಎಷ್ಟು ಜನಕ್ಕೆ ಗೊತ್ತು? ಈ ವಿಷಯದಲ್ಲಿ ಕರ್ನಾಟಕ ಹೆಮ್ಮೆ ಪಡಬಹುದು. 1980ರ ದಶಕದಲ್ಲೇ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೇ ತರಬೇತಿ ಕೊಟ್ಟು ಹಳ್ಳಿಯಲ್ಲೇ ಮಾನಸಿಕ ಚಿಕಿತ್ಸೆ ಸಿಗುವ ಹಾಗೆ ಮಾಡಿ ತೋರಿಸಿದರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇಡೀ ದೇಶಕ್ಕೆ ಬಳ್ಳಾರಿಯೇ ಮಾದರಿ. ನಮ್ಮ ಮಾವನಿಗೆ ಮಾತ್ರ ಇನ್ನೂ ಅದು "ತಲೆ ಡಾಕ್ಟ್ರು".

ಡಾಕ್ಟರ್ ಸಣ್ಣ ವಯಸ್ಸಿನ ಹೆಣ್ಣುಮಗಳು. ಬಹಳ ಸುತ್ತಿ ಬಳಸಿ ಕೇಳಲಿಲ್ಲ. ಎರಡು ವಾರದಿಂದ ಮೊದಲು ಇಷ್ಟಪಡುತ್ತಿದ್ದ ಕೆಲಸದಲ್ಲಿ ಆಸಕ್ತಿ ಹೋಗಿದೆಯಾ, ದಿನದ ಬಹುಪಾಲು ಮನಸ್ಸು ಕುಗ್ಗಿರುತ್ತದಾ ಅಂತ ಕೇಳಿದರು. ನಿದ್ದೆ, ಊಟ, ತೂಕ ಕೇಳಿದರು. ಆಮೇಲೆ ನಮ್ಮೆದುರೇ, "ಸಾರ್, ಬದುಕಿದ್ದು ಏನು ಪ್ರಯೋಜನ ಅನ್ಸುತ್ತಾ? ಸಾಯಬೇಕು ಅನ್ಸುತ್ತಾ?" ಅಂದರು. ನನ್ನ ಎದೆ ಧಸಕ್ ಅಂತು. ಇಂಥ ಮಾತು ಕೇಳಿ ಇವರೇ ತಲೆಗೆ ಹಾಕಿಕೊಡುತ್ತಿದ್ದಾರಲ್ಲ ಅನಿಸಿತು. ಹಾಗಾಗುವುದಿಲ್ಲವಂತೆ. ಕೇಳಿದರೆ ಒಳಗೆ ಆ ಯೋಚನೆ ಇದ್ದವರಿಗೆ ಹಗುರ ಆಗುತ್ತದೆಯೇ ಹೊರತು ಹೊಸದಾಗಿ ಯೋಚನೆ ಹುಟ್ಟುವುದಿಲ್ಲ. ಅಪ್ಪ ಸ್ವಲ್ಪ ಹೊತ್ತು ಮೇಜಿನ ಮೇಲಿನ ಪೇಪರ್ ವೇಟ್ ನೋಡಿದರು. "ಸಾಯೋದು ಅಂತ ಅಲ್ಲಮ್ಮ. ಬೆಳಿಗ್ಗೆ ಎಚ್ಚರ ಆಗದೇ ಇದ್ರೆ ಸಾಕು ಅನ್ಸುತ್ತೆ."

ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಇದನ್ನು ಕೇಳಿಸಿಕೊಂಡ ಮೇಲೆ ಯಾರಾದರೂ "ಏನು ಕಮ್ಮಿ" ಅಂದರೆ ನನಗೆ ಮೈ ಉರಿಯುತ್ತದೆ.

ಈಗ ಇನ್ನೊಂದು ವಾದ ಬರುತ್ತದೆ, ಗೊತ್ತು. "ಇತ್ತೀಚೆಗೆ ಎಲ್ಲರಿಗೂ ಡಿಪ್ರೆಶನ್ನಪ್ಪ. ಆರ್‌ಸಿಬಿ ಸೋತರೂ ಡಿಪ್ರೆಶನ್. ನಮ್ಮ ಹಿರಿಯರು ಎಂತೆಂಥ ಕಷ್ಟ ನೋಡಲಿಲ್ಲ, ಅವರೇನು ಮಾತ್ರೆ ನುಂಗಿದ್ರಾ?" ಮೊದಲನೇ ಭಾಗ ಒಪ್ಪಿದೆ. ಎರಡು ದಿನದ ಬೇಜಾರಿಗೆಲ್ಲ ಆ ಹೆಸರು ಇಡುವವರು ಇದ್ದಾರೆ. ಎರಡನೇ ಭಾಗ ಮಾತ್ರ ಶುದ್ಧ ಸುಳ್ಳು. ಹಿರಿಯರು ತಡೆದುಕೊಂಡರು ಅಂತ ಯಾರು ಹೇಳಿದ್ದು? ಪ್ರತಿ ಊರಿನಲ್ಲೂ ವರ್ಷಗಟ್ಟಲೆ ಮೂಲೆ ಹಿಡಿದು ಕೂತ ಒಬ್ಬ ಅಜ್ಜಿ ಇದ್ದರು, ದೆವ್ವ ಮೆಟ್ಟಿಕೊಂಡಿದೆ ಅಂತ ಬೇವಿನ ಸೊಪ್ಪಿನಲ್ಲಿ ಹೊಡೆಸಿಕೊಂಡ ಒಬ್ಬ ಸೊಸೆ ಇದ್ದಳು. ಪೇಪರಿನಲ್ಲಿ ಇವತ್ತಿಗೂ "ಹೊಟ್ಟೆನೋವು ತಾಳಲಾರದೆ", "ಜೀವನದಲ್ಲಿ ಜಿಗುಪ್ಸೆಗೊಂಡು" ಅಂತ ಎರಡು ಸಾಲಿನ ಸುದ್ದಿ ಬರುತ್ತಲೇ ಇರುತ್ತದೆ. ಆ ಹೊಟ್ಟೆನೋವುಗಳಲ್ಲಿ ಎಷ್ಟು ನಿಜವಾಗಿ ಹೊಟ್ಟೆಯವು? ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ಮಾಡಿದ ರಾಷ್ಟ್ರೀಯ ಸಮೀಕ್ಷೆ ಪ್ರಕಾರ 20 ಜನರಲ್ಲಿ ಒಬ್ಬರಿಗೆ ಬದುಕಿನಲ್ಲಿ ಯಾವಾಗಲಾದರೂ ಖಿನ್ನತೆ ಬಂದಿರುತ್ತದೆ. ಖಿನ್ನತೆ ಇರುವ 100 ಜನರಲ್ಲಿ ಸುಮಾರು 85 ಜನ ಚಿಕಿತ್ಸೆಯೇ ಪಡೆಯುತ್ತಿಲ್ಲ. ಎಲ್ಲರೂ ಮಾತ್ರೆ ನುಂಗುತ್ತಿದ್ದಾರೆ ಅಂತ ಕೊರಗುವವರು ಈ ಲೆಕ್ಕ ನೋಡಿ.

"ಶ್ರೀಮಂತರ ಕಾಯಿಲೆ" ಅನ್ನುವವರಿಗೂ ಒಂದು ಮಾತು. ನಮ್ಮ ಬೆಂಗಳೂರಿನಲ್ಲೇ ಬೆಳೆದ ದೀಪಿಕಾ ಪಡುಕೋಣೆ 2015ರಲ್ಲಿ ತನಗೆ ಖಿನ್ನತೆ ಇತ್ತು ಅಂತ ಬಹಿರಂಗವಾಗಿ ಹೇಳಿದಾಗ ಎಷ್ಟು ಜನ ಪ್ರಚಾರಕ್ಕೆ ಅಂದರು, "ಅವಳಿಗೇನು ಕಮ್ಮಿ" ಅಂದರು! ಅಲ್ಲೂ ಮಗಳ ಅಳು ಎಂದಿನ ಅಳು ಅಲ್ಲ ಅಂತ ಗುರುತಿಸಿದ್ದು ಅಮ್ಮನೇ. ಬಡವರಿಗೆ ಬಂದರೆ ಸೋಮಾರಿತನ, ಶ್ರೀಮಂತರಿಗೆ ಬಂದರೆ ನಾಟಕ, ಮಧ್ಯದವರಿಗೆ ಬಂದರೆ "ಏನು ಕಮ್ಮಿ". ಹಾಗಾದರೆ ಯಾರಿಗೆ ಬಂದರೆ ನಂಬುತ್ತೀರಿ?

ಮಾತ್ರೆ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಇದು ನಿದ್ದೆ ಮಾತ್ರೆ ಅಲ್ಲ. ಅಪ್ಪನಿಗೆ ಕೊಟ್ಟ ಬಗೆಯ ಮಾತ್ರೆ ಚಟ ಹಿಡಿಸುವಂಥದ್ದೂ ಅಲ್ಲ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಹೊಟ್ಟೆ ತೊಳಸು ಮಾತ್ರ ಮೊದಲ ವಾರವೇ ಹಾಜರ್. ಅದಕ್ಕೇ ಜನ ಅರ್ಧಕ್ಕೆ ಬಿಡುತ್ತಾರೆ. ಸರಿಹೋದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕು, ಇಲ್ಲದಿದ್ದರೆ ಮರುಕಳಿಸುವ ಸಾಧ್ಯತೆ ಹೆಚ್ಚು. ಸೌಮ್ಯವಾಗಿದ್ದರೆ ಮಾತ್ರೆ ಇಲ್ಲದೆ ಮಾತಿನ ಚಿಕಿತ್ಸೆಯೇ ಸಾಕಾಗಬಹುದು. ಯಾರಿಗೆ ಯಾವುದು ಅಂತ ಡಾಕ್ಟರ್ ಹೇಳಲಿ, ಬೀಗರು ಬೇಡ.

ಇನ್ನೊಂದು ವಿಷಯ. ಬರೆಯಲೋ ಬೇಡವೋ ಅಂತ ಯೋಚನೆ ಮಾಡಿದೆ. ನನಗೆ ಅಪ್ಪನ ಮೇಲೆ ಸಿಟ್ಟು ಬರುತ್ತದೆ. ಕಾಯಿಲೆ ಅಂತ ಗೊತ್ತಿದ್ದೂ ಬರುತ್ತದೆ. ರಜೆ ಹಾಕಿ ಊರಿಗೆ ಹೋಗಿ, ಎದುರು ಕೂತು, ಮಗಳ ವಿಡಿಯೋ ತೋರಿಸಿದರೆ, ಗೋಡೆ ನೋಡಿದ ಹಾಗೆ ನೋಡುತ್ತಾರೆ. ಸ್ನಾನ ಮಾಡಿ ಅಂತ ಹತ್ತು ಸಲ ಹೇಳಬೇಕು. ಒಳಗೊಳಗೇ, ಒಂದೇ ಒಂದು ಸಲ ಎದ್ದು ಬನ್ನಿ ಅಪ್ಪ, ನನಗೋಸ್ಕರ, ಅನಿಸುತ್ತದೆ. ಅಂದರೆ ಮಾವನ ಪ್ರಶ್ನೆ ನನ್ನ ಗಂಟಲಿನವರೆಗೂ ಬಂದು ನಿಂತಿರುತ್ತದೆ. ನಾನು ನುಂಗಿಕೊಳ್ಳುತ್ತೇನೆ, ಅವರು ಪಂಕ್ತಿಯಲ್ಲಿ ಬಡಿಸುತ್ತಾರೆ. ನೋಡಿಕೊಳ್ಳುವವರು ದೇವರಲ್ಲ. ಹಾಗಂತ ಯಾರಾದರೂ ನನಗೆ ಮೊದಲೇ ಹೇಳಿದ್ದರೆ ಚೆನ್ನಾಗಿತ್ತು.

ಈಗ ಅಪ್ಪ ಮತ್ತೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಡಾಕ್ಟರಿಗೆ ಫೋನ್ ಮಾಡಿ ಕೇಳಿಯೇ ಶುರು ಮಾಡಿದೆವು. ನಿನ್ನೆ ಪೇಪರಿನಲ್ಲಿ ಒಂದು ಶೀರ್ಷಿಕೆಯ ಒತ್ತಕ್ಷರ ತಪ್ಪಾಗಿದೆ ಅಂತ ಪೆನ್ನಿನಲ್ಲಿ ಸೊನ್ನೆ ಸುತ್ತಿದ್ದರಂತೆ. ಪೂರ್ತಿ ಓದಲಿಲ್ಲವಂತೆ. ಇರಲಿ.

ನಿಮ್ಮ ಮನೆಯಲ್ಲಿ ಯಾರಾದರೂ ಜಗಳ ನಿಲ್ಲಿಸಿದ್ದರೆ, ಲೆಕ್ಕ ಬರೆಯುವುದು ಬಿಟ್ಟಿದ್ದರೆ, ಟೆಲಿ ಮಾನಸ್‌ಗೆ ಫೋನ್ ಮಾಡಿ: 14416. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ. ಕಾಯಿಲೆ ಇರುವವರೇ ಮಾಡಬೇಕು ಅಂತಿಲ್ಲ, ನೀವೂ ಮಾಡಬಹುದು. ಕೆಳಗೆ ಅಶ್ವಗಂಧ, ಸರ್ಪದೋಷ, "ಪಾಸಿಟಿವ್ ಆಗಿರಿ" ಅಂತ ಬರೆಯುವವರನ್ನು ಮುಲಾಜಿಲ್ಲದೆ ಬ್ಲಾಕ್ ಮಾಡುತ್ತೇನೆ. ಮಾವನನ್ನು ಮಾಡುವ ಹಾಗಿಲ್ಲ, ಅಮ್ಮ ಬೈಯುತ್ತಾಳೆ.

ಅಂದ ಹಾಗೆ, ಅಮ್ಮನಿಗೂ ಸರಿಯಾಗಿ ನಿದ್ದೆ ಇಲ್ಲವಂತೆ, ಊಟ ಸೇರುತ್ತಿಲ್ಲವಂತೆ. ಪಕ್ಕದ ಮನೆಯವರು ಹೇಳಿದ್ದು, ಅವಳಾಗಿ ಹೇಳಿಲ್ಲ. ಬರುವ ಮಂಗಳವಾರ ಅಪ್ಪನನ್ನು ಕರೆದುಕೊಂಡು ಹೋಗುವಾಗ ಅವಳ ಹೆಸರಿಗೂ ಒಂದು ಚೀಟಿ ಮಾಡಿಸುತ್ತೇನೆ.