ಯಾರ ಮನೆ ಅಕ್ರಮ, ಯಾರ ಮನೆ ಇನ್‌ಫಾರ್ಮಲ್?

ಮೊನ್ನೆ ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ಕೂತು ನಮ್ಮವರ ಮಾನ ಹೋಗೋದನ್ನ ನೋಡ್ಬೇಕಾಯ್ತು. ನಮ್ಮ ಕಡೆಯ ಪ್ರೊಫೆಸರ್ ಒಬ್ರು ಇಲ್ಲಿನ ಯೂನಿವರ್ಸಿಟೀಲಿ "ಇನ್‌ಫಾರ್ಮಲ್ ಸೆಟ್ಲ್‌ಮೆಂಟ್" (ಅನುಮತಿ ಇಲ್ದೆ ಎದ್ದ ವಸತಿ) ಅಂತ ಸ್ಲೈಡ್ ಮೇಲೆ ಸ್ಲೈಡ್ ಹಾಕಿದ್ರು, ಮುಗಿದ ಮೇಲೆ ಫವೇಲಾ ಅನ್ನೋ ಇಲ್ಲಿನ ಬಡವರ ಬಡಾವಣೇಲೇ ಹುಟ್ಟಿ ಬೆಳೆದ ಹೆಂಗಸೊಬ್ರು ಎದ್ದು, ನಿಮ್ಮ ಮನೆ ಪ್ಲಾನ್ ಸ್ಯಾಂಕ್ಷನ್ ಆಗಿದ್ಯಾ ಅಂತ ಕೇಳೇಬಿಟ್ರು. ಪ್ರೊಫೆಸರ್ ನಕ್ಕು ನೀರು ಕುಡಿದ್ರು. ನನಗೂ ಧಸಕ್ ಅಂತು, ಬೆಂಗಳೂರಲ್ಲಿರೋ ನಮ್ಮ ಮನೇದೂ ಬಿ ಖಾತಾನೇ, ಅಂದ್ರೆ ಪೂರ್ತಿ ಸಕ್ರಮ ಅಲ್ಲ.

ಲೇಔಟ್ ಅನುಮತಿ ಇಲ್ಲದ ರೆವಿನ್ಯೂ ಸೈಟಲ್ಲಿ ಮೂರು ಫ್ಲೋರ್ ಎದ್ರೆ ಅದು ಬರೀ "ಡೀವಿಯೇಷನ್", ಅದಕ್ಕೆ ಸರ್ಕಾರ ತಂದಿದ್ದು ದಂಡ ಕಟ್ಟಿಸ್ಕೊಂಡು ಸರಿ ಮಾಡೋ ಅಕ್ರಮ-ಸಕ್ರಮ. ರಾಜಕಾಲುವೆ ಪಕ್ಕ ಶೀಟ್ ಮನೆ ಎದ್ರೆ "ಒತ್ತುವರಿ", ಅದಕ್ಕೆ ಜೆಸಿಬಿ. ಎರಡೂ ರೂಲ್ಸ್ ಮೀರಿದ್ದೇ, ಪಿಎಚ್‌ಡಿ ಮಾತ್ರ ಹೆಚ್ಚಾಗಿ ಎರಡನೇದರ ಮೇಲೆ. ಅನನ್ಯಾ ರಾಯ್ ಥರದ ನಗರ ಸಂಶೋಧಕರು ಇದನ್ನ ಸುಮಾರು ವರ್ಷದಿಂದ ಬರೀತಿದ್ದಾರೆ, ನಮ್ಮ ಆಫೀಸುಗಳಿಗೆ ಅದು ಮುಟ್ಟಿದ ಹಾಗೆ ಕಾಣೆ.

ಇಲ್ಲಿ ನೋಡಿ, 1991ರ ಸೆನ್ಸಸ್‌ನಿಂದ ಫವೇಲಾಗಳನ್ನ "ಸಬ್‌ನಾರ್ಮಲ್" ಅಂತಾನೇ ದಾಖಲೆ ಮಾಡ್ತಿದ್ರು. ಅಲ್ಲಿನ ಜನರ ಸಂಘಟನೆಗಳನ್ನ, ರಿಸರ್ಚ್ ಮಾಡೋರನ್ನ ಕೂರಿಸ್ಕೊಂಡು ಮಾತಾಡಿ 2024ರ ಜನವರೀಲಿ ಅದನ್ನ ಕೈಬಿಟ್ರು, ಈಗ "ಫವೇಲಾ ಮತ್ತು ನಗರ ಸಮುದಾಯ". ವ್ಯಾಖ್ಯೆನೂ ಬದಲಾಯ್ತು: ಜನ ತಾವೇ ಕಟ್ಕೊಂಡ ಮನೆಗಳು, ಸರ್ಕಾರ ಪೂರ್ತಿ ಸೌಲಭ್ಯ ಕೊಡದೇ ಇರೋ ಜಾಗ, ಇಂಥವು ಅದರಲ್ಲಿ ಬಂದ್ವು. 2022ರ ಸೆನ್ಸಸ್ ಲೆಕ್ಕದಲ್ಲಿ ಅಲ್ಲಿರೋರು 1.64 ಕೋಟಿ, ದೇಶದ 8.1%.

ನಮ್ಮ ಕರ್ನಾಟಕದ 1973ರ ಸ್ಲಂ ಕಾಯ್ದೆ ಓದಿ ನೋಡಿ, ಕೊಳಕು, ಇಕ್ಕಟ್ಟು, ಆರೋಗ್ಯಕ್ಕೆ ಅಪಾಯ, ವಾಸಕ್ಕೆ ನಾಲಾಯಕ್ಕು. ನೀರು ಯಾಕೆ ಬಂದಿಲ್ಲ ಅಂತ ಕೇಳೋ ಗೋಜಿಗೇ ಹೋಗಲ್ಲ. 2011ರ ಸೆನ್ಸಸ್ ಪ್ರಕಾರ, ಸರ್ಕಾರ ಘೋಷಣೆ ಮಾಡದ, ಮಾನ್ಯ ಮಾಡದ ಜಾಗ ಸ್ಲಂ ಅನ್ನಿಸ್ಕೊಳ್ಳೋಕೆ ಒಂದೇ ಕಡೆ 60-70 ಮನೆ ಅಥವಾ 300 ಜನ ಇರ್ಬೇಕು, ಎಲ್ಲಾ ಥರದ ಸ್ಲಂ ಸೇರಿಸಿ ಎಣಿಸಿದ್ದು ದೇಶದಲ್ಲಿ 6.5 ಕೋಟಿ ಜನ, ಕಟ್ಟಡ ಕೆಲಸಕ್ಕೆ ಬಂದು ನೀಲಿ ಟಾರ್ಪಾಲ್ ಕಟ್ಕೊಂಡಿರೋ ಇಪ್ಪತ್ತು-ಮೂವತ್ತು ಸಂಸಾರ ಇದರಲ್ಲಿ ಎಲ್ಲಿ ಬರ್ಬೇಕು? ಅವರು ಕಟ್ಟಿದ ಎಷ್ಟೋ ಅಪಾರ್ಟ್‌ಮೆಂಟ್‌ಗಂತೂ ಓಸಿ (ವಾಸ ಮಾಡ್ಬಹುದು ಅನ್ನೋ ಸರ್ಟಿಫಿಕೇಟ್) ಇರಲ್ಲ ಬಿಡಿ.

ಹಾಂ, ಹೆಸರು ಬದಲಾಯ್ಸಿದ್ದಕ್ಕೆ ಇಲ್ಲಿ ಒಳಚರಂಡಿ ಬಂದ್ಬಿಡ್ಲಿಲ್ಲ, ಪೊಲೀಸ್ನೋರು ಗನ್ ಹಿಡ್ಕೊಂಡು ಫವೇಲಾಗೆ ನುಗ್ಗೋದೂ ನಿಂತಿಲ್ಲ. ಇನ್ನೊಂದು, ಒಪ್ಕೊಳ್ಳೋಕೆ ಮನಸ್ಸಿಲ್ಲ, ಆದ್ರೂ ಹೇಳ್ಬೇಕು: ನಮ್ಮಲ್ಲಿ ಅದೇ ಕೆಟ್ಟ ಭಾಷೆಯ ಕಾಯ್ದೆ ಕೆಳಗೆ ಘೋಷಣೆ ಆದ್ರೇನೇ ಸ್ಲಂ ಬೋರ್ಡ್‌ನ ಹಕ್ಕುಪತ್ರದ ಮಾತು. ಅದಕ್ಕೇ ನಮ್ಮ ಏರಿಯಾನ ಸ್ಲಂ ಅಂತ ಡಿಕ್ಲೇರ್ ಮಾಡಿ ಅಂತ ಜನಾನೇ ಅರ್ಜಿ ಹಿಡ್ಕೊಂಡು ವರ್ಷಗಟ್ಟಲೆ ಬೋರ್ಡ್ ಆಫೀಸಿಗೆ ಅಲೀತಾರೆ.