ಗ್ರಾಫಿನ ಬಣ್ಣ ಹೆಸರಿಗೆ ಅಂಟಿರಲಿ, ಸರದಿಗಲ್ಲ

ಹೋದ ವಾರ ಒಂದು ವರದಿಗೆ ಎರಡು ಗ್ರಾಫ್ ಮಾಡಿ ಕೊಟ್ಟೆ. ಮೊದಲನೆಯದರಲ್ಲಿ ಮೂರು ಗುಂಪಿನ ಗೆರೆಗಳಿದ್ದವು. ಎರಡನೆಯದಕ್ಕೆ ಮೊದಲ ಗುಂಪಿನ ಡೇಟಾ ಸಾಲಲಿಲ್ಲ. ಅದನ್ನು ಬಿಟ್ಟು ಉಳಿದ ಎರಡೇ ಗೆರೆ ಎಳೆದೆ. ವರದಿ ಓದಿದವರು ಫೋನ್ ಮಾಡಿ, "ನೀಲಿ ಗುಂಪು ಇದ್ದಕ್ಕಿದ್ದಂತೆ ಇಷ್ಟು ಕೆಳಗೆ ಬಿತ್ತಲ್ಲ, ಏನಾಯ್ತು?" ಅಂತ ಕೇಳಿದರು.

ಅದು ಬಿದ್ದೇ ಇರಲಿಲ್ಲ. ಎರಡನೇ ಗ್ರಾಫಿನ ನೀಲಿ ಬೇರೆಯೇ ಗುಂಪು. ಪಕ್ಕದಲ್ಲಿ ಯಾವ ಬಣ್ಣ ಯಾವ ಗುಂಪು ಅಂತ ಹೇಳುವ ಲೆಜೆಂಡ್ ಇತ್ತು, ನಿಜ. ಆದರೆ ನೀಲಿ ಅಂದ್ರೆ ಇದು ಅಂತ ಒಂದು ಸಲ ಮನಸ್ಸಿನಲ್ಲಿ ಕೂತ ಮೇಲೆ ಯಾರು ಮತ್ತೆ ಲೆಜೆಂಡ್ ನೋಡುತ್ತಾರೆ? ಓದಿದವರ ತಪ್ಪಲ್ಲ ಅದು. ನನ್ನದು.

ಪೈಥಾನ್ ಭಾಷೆಯಲ್ಲಿ ಗ್ರಾಫ್ ಎಳೆಯುವ ಲೈಬ್ರರಿ ಮ್ಯಾಟ್‌ಪ್ಲಾಟ್‌ಲಿಬ್‌ಗೆ ನಮ್ಮ ಗುಂಪುಗಳ ಹೆಸರು ಬೇಕಿಲ್ಲ. ಅದು ಗೆರೆ ಬಂದ ಸರದಿ ನೋಡಿ ಬಣ್ಣ ಕೊಡುತ್ತದೆ. ಮೊದಲ ಗೆರೆಗೆ ನೀಲಿ, ಎರಡನೆಯದಕ್ಕೆ ಕಿತ್ತಳೆ, ಮೂರನೆಯದಕ್ಕೆ ಹಸಿರು. ಹೀಗೆ 10 ಬಣ್ಣ ಮುಗಿದರೆ 11ನೇ ಗೆರೆಗೆ ಮತ್ತೆ ಅದೇ ನೀಲಿ. ಆರ್ ಭಾಷೆಯಲ್ಲಿ ಗ್ರಾಫ್ ಎಳೆಯುವ ಜಿಜಿಪ್ಲಾಟ್2 ಬಣ್ಣದ ಚಕ್ರವನ್ನೇ ಗುಂಪುಗಳ ಎಣಿಕೆಗೆ ತಕ್ಕಂತೆ ಸಮನಾಗಿ ಹಂಚುತ್ತದೆ. ಮೂರು ಗುಂಪು ನಾಲ್ಕಾದರೆ ಸಾಕು, ಮೊದಲನೆಯದು ಬಿಟ್ಟು ಉಳಿದೆಲ್ಲ ಬಣ್ಣ ಬದಲಾಗುತ್ತವೆ.

ಅದಕ್ಕೇ ಈಗ ನಾನು ಪ್ರೋಗ್ರಾಂ ಕೋಡ್‌ನ ಶುರುವಿನಲ್ಲೇ ಒಂದು ಡಿಕ್ಷನರಿ, ಅಂದರೆ ಹೆಸರು-ಬಣ್ಣದ ಜೋಡಿ ಪಟ್ಟಿ, ಬರೆದಿಡುತ್ತೇನೆ. ಈ ಗುಂಪಿಗೆ ಈ ಬಣ್ಣ, ಅಷ್ಟೇ. ಸೀಬಾರ್ನ್ ಎಂಬ ಇನ್ನೊಂದು ಪೈಥಾನ್ ಲೈಬ್ರರಿಯಲ್ಲಿ ಅದನ್ನು ಹಾಗೇ ಪ್ಯಾಲೆಟ್‌ಗೆ ಕೊಡಬಹುದು. ಡಿಕ್ಷನರಿಯಲ್ಲಿ ಇಲ್ಲದ ಹೊಸ ಗುಂಪು ಡೇಟಾದಲ್ಲಿ ಬಂದರೆ ಸೀಬಾರ್ನ್ ಎರರ್ ಕೊಟ್ಟು ನಿಲ್ಲುತ್ತದೆ. ಕಿರಿಕಿರಿ ಅನ್ನಿಸಬಹುದು, ನನಗಂತೂ ಅದು ತುಂಬ ಇಷ್ಟ. ತಪ್ಪು ಬಣ್ಣದ ಗ್ರಾಫ್ ಸುಮ್ನೆ ಹೊರಗೆ ಹೋಗುವುದಕ್ಕಿಂತ ಇಲ್ಲೇ ನಿಲ್ಲಲಿ, ಅಲ್ವಾ?

ಬೆಲೆಗಳನ್ನು ಬಣ್ಣದ ಚೌಕಗಳಲ್ಲಿ ತೋರಿಸುವ ಹೀಟ್‌ಮ್ಯಾಪ್‌ನಲ್ಲೂ ಇದೇ ಕಥೆ, ಆದರೆ ಕಣ್ಣಿಗೆ ಬೀಳುವುದಿಲ್ಲ. ಎರಡು ಹೀಟ್‌ಮ್ಯಾಪ್ ಅಕ್ಕಪಕ್ಕ ಇಟ್ಟರೆ ಪ್ರತಿಯೊಂದೂ ತನ್ನದೇ ಕನಿಷ್ಠ, ಗರಿಷ್ಠ ಬೆಲೆ ಹಿಡಿದು ಬಣ್ಣ ಹಚ್ಚಿಕೊಳ್ಳುತ್ತದೆ. ಒಂದರಲ್ಲಿ ಕಡು ಬಣ್ಣ ಅಂದರೆ 50, ಇನ್ನೊಂದರಲ್ಲಿ 500. ನೋಡುವವರಿಗೆ ಎರಡೂ ಒಂದೇ. ಬಣ್ಣದ ಅಳತೆಯ ಕೆಳತುದಿ, ಮೇಲ್ತುದಿ ಹೇಳುವ ವಿಮಿನ್, ವಿಮ್ಯಾಕ್ಸ್ ಬೆಲೆಗಳನ್ನು ನಾವೇ ಎರಡೂ ಹೀಟ್‌ಮ್ಯಾಪ್‌ಗೆ ಒಂದೇ ಕೊಟ್ಟರೆ ಮುಗಿಯಿತು. ಸೊನ್ನೆಯ ಆಚೆ ಈಚೆ ಹೋಗುವ ಡೇಟಾ ಆದರೆ ನಡುವಿನ ತಿಳಿ ಬಣ್ಣ ಸರಿಯಾಗಿ ಸೊನ್ನೆಗೇ ಕೂರಬೇಕು. ಇಲ್ಲದಿದ್ದರೆ ಏರಿಕೆ ಇಳಿಕೆಯಂತೆ ಕಾಣಿಸುತ್ತದೆ.

ಯಾವ ಬಣ್ಣ ಅನ್ನುವುದೂ ಮುಖ್ಯವೇ. ಕಾಮನಬಿಲ್ಲಿನಂಥ ಜೆಟ್ ಎಂಬ ಬಣ್ಣದ ಪಟ್ಟಿ ಎಷ್ಟೋ ವರ್ಷ ಮ್ಯಾಟ್‌ಲ್ಯಾಬ್ ಎಂಬ ಲೆಕ್ಕಾಚಾರದ ತಂತ್ರಾಂಶದಲ್ಲೂ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲೂ ತಾನಾಗಿ ಬರುತ್ತಿತ್ತು. ಅದರ ಹಳದಿ ಪಟ್ಟಿ ಎಷ್ಟು ಹೊಳೆಯುತ್ತದೆ ಅಂದರೆ ಡೇಟಾದಲ್ಲಿ ಇಲ್ಲದ ಗಡಿ ಕಣ್ಣಿಗೆ ಕಾಣುತ್ತದೆ. 2014ರಲ್ಲಿ ಮ್ಯಾಟ್‌ಲ್ಯಾಬ್ ಅದನ್ನು ಬಿಟ್ಟು ಪರುಲಾ ಎಂಬ ಬೇರೆ ಬಣ್ಣದ ಪಟ್ಟಿ ಹಿಡಿಯಿತು. 2017ರಲ್ಲಿ ಮ್ಯಾಟ್‌ಪ್ಲಾಟ್‌ಲಿಬ್‌ನ 2.0 ಆವೃತ್ತಿಯಲ್ಲಿ ಜೆಟ್ ಬದಲು ವಿರಿಡಿಸ್ ಎಂಬ ಪಟ್ಟಿ ತಾನಾಗಿ ಬರತೊಡಗಿತು. ವಿರಿಡಿಸ್‌ನಲ್ಲಿ ಹೊಳಪು ಒಂದೇ ಸಮನೆ ಏರುತ್ತದೆ, ಕಪ್ಪು ಬಿಳುಪಿನಲ್ಲಿ ಮುದ್ರಿಸಿದರೂ ಓದಬಹುದು.

ಗೆರೆಗಳಿಗೆ ನಾನು ಒಕಾಬೆ ಮತ್ತು ಇಟೊ ಎಂಬ ಜಪಾನಿನ ಇಬ್ಬರು ವಿಜ್ಞಾನಿಗಳು ಬಣ್ಣ ಬೇರೆ ಮಾಡಿ ನೋಡಲಾಗದವರಿಗೂ ಬೇರೆಬೇರೆ ಕಾಣಲೆಂದು ಆರಿಸಿದ 8 ಬಣ್ಣ ಬಳಸುತ್ತೇನೆ. 2020ರಲ್ಲಿ ಬಂದ ಆರ್ 4.0.0ರಿಂದ ಅದು ಆರ್ ಒಳಗೇ ಸಿಗುತ್ತದೆ. ಕೆಂಪು, ಹಸಿರು ಬೇರೆ ಮಾಡಿ ನೋಡಲಾಗದವರು ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇದ್ದಾರೆ. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಸುಮಾರು 12ಕ್ಕೆ ಒಬ್ಬರು. ಅವರು ಬಾಯಿಬಿಟ್ಟು ಹೇಳುವುದು ಕಡಿಮೆ. ನಾವೇ ನೆನಪಿಡಬೇಕು.

ಆ ವರದಿಯನ್ನು ಮತ್ತೆ ಮಾಡಿ ಕಳಿಸಿದೆ. ಎರಡನೇ ಗ್ರಾಫಿನಲ್ಲಿ ಈಗ ನೀಲಿ ಗೆರೆಯೇ ಇಲ್ಲ. ಕಿತ್ತಳೆ ಮತ್ತು ಹಸಿರು ಮಾತ್ರ.